ಆಟಕ್ಕೆ ಕೊಟ್ಟ ಸಮಯ ವ್ಯರ್ಥವೇ?

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಕೇಳದೆ ಬೆಳೆದ ಮಗು ನಮ್ಮ ನಾಡಿನಲ್ಲಿ ಇರಲಾರದು. ದುಡಿಯಲು ಮನಸ್ಸಿಲ್ಲದವನು ಊಟವನ್ನೂ ಬಯಸಬಾರದೆಂದು ಸಂತ ಪೌಲರು ಥೆಸಲೋನಿಕದ ಕ್ರೈಸ್ತರನ್ನು ಎಚ್ಚರಿಸಿದರು. ಕಾಯಕದ ಹಿರಿಮೆಯನ್ನು ಸಾರಿದ ಶರಣರ ನಾಡು ನಮ್ಮದು. ಅದರಲ್ಲಿಯೂ ದಾವಣಗೆರೆ ಮತ್ತು ಹರಿಹರದ ಜನರಿಗೆ ದುಡಿಮೆಯೆಂಬುದು ಪುಸ್ತಕದ ಮಾತಲ್ಲ. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ, 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಯಿತು. ಪಾಳಿಯ ಲೆಕ್ಕದಲ್ಲಿಯೇ ಹಗಲು ರಾತ್ರಿಗಳನ್ನು ಎಣಿಸಿದ ಮನೆಗಳು ಈ ಎರಡೂ ಊರುಗಳಲ್ಲಿ ಅನೇಕ.

ಇಂತಹ ಊರಿನಲ್ಲಿ, ಕೈ ಕೆಸರಾದರೂ ಬಾಯಿಗೆ ಮೊಸರು ಬಾರದ ಒಂದು ಕೆಲಸವನ್ನು ಯಾರಾದರೂ ಬೇಕೆಂದೇ ಮಾಡತೊಡಗಿದರೆ ಅದನ್ನು ಏನೆಂದು ಕರೆಯಬೇಕು? ಭಾನುವಾರ ಬಲಿಪೂಜೆ ಮುಗಿಸಿ ಬಂದ ಒಬ್ಬ ತಂದೆ, ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ನೂರಾರು ಸಣ್ಣ ಸ್ಕ್ರೂ, ಬೇರಿಂಗ್, ಹಲ್ಲುಚಕ್ರಗಳನ್ನು ಹರಡಿಕೊಂಡು ಒಂದು ರಿಮೋಟ್ ಕಾರನ್ನು ಜೋಡಿಸುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಬೆರಳಿಗೆಲ್ಲ ಗ್ರೀಸ್. ಪಕ್ಕದಲ್ಲಿ ಕಣ್ಣರಳಿಸಿ ಕುಳಿತ ಮಗ. ಅಡುಗೆಮನೆಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: “ಏನ್ರೀ, ಇದರಿಂದ ಮನೆಗೆ ಏನ್ ಬಂತು?”

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಮನೆಯ ಖರ್ಚನ್ನು ತೂಗಿಸುವವಳು ಕೇಳುವ ಪ್ರಶ್ನೆ ಅದು. ಅದರ ಒಳಗೆ ಇನ್ನೂ ದೊಡ್ಡದೊಂದು ಪ್ರಶ್ನೆ ಅಡಗಿದೆ. ಮನುಷ್ಯನ ಬೆಲೆ ಅವನು ಗಳಿಸುವುದರಲ್ಲಿದೆಯೇ? ಲಾಭ ತಾರದ ಆಟಕ್ಕೆ ದೇವರು ಕೊಟ್ಟ ಸಮಯವನ್ನು ಬಳಸುವುದು ತಪ್ಪೇ? ಪ್ರಿಯ ಓದುಗರೇ, ಈ ಪುಟ್ಟ ಕಾರನ್ನೇ ಮುಂದಿಟ್ಟುಕೊಂಡು ಇದನ್ನು ಸ್ವಲ್ಪ ಯೋಚಿಸೋಣ.

ಈ ಆಟಿಕೆ ಬಂದ ದಾರಿ

ತಂತಿಯ ಸಂಪರ್ಕವಿಲ್ಲದೆ, ರೇಡಿಯೋ ಅಲೆಗಳ ಮೂಲಕ ದೂರದಿಂದ ಒಂದು ವಾಹನವನ್ನು ನಡೆಸಬಹುದೆಂದು ಜಗತ್ತಿಗೆ ತೋರಿಸಿದವರು ನಿಕೋಲ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನಲ್ಲಿ, ಒಂದು ನೀರಿನ ಕೊಳದಲ್ಲಿ ಪುಟ್ಟ ದೋಣಿಯೊಂದನ್ನು ಅವರು ಹೀಗೆ ಓಡಿಸಿ ತೋರಿಸಿದರು. ಕಾರುಗಳ ಸರದಿ ಬಹಳ ತಡವಾಗಿ ಬಂತು. 1966ರಲ್ಲಿ ಇಟಲಿಯ ಕಂಪನಿಯೊಂದು ಫೆರಾರಿ ಕಾರಿನ ರೇಡಿಯೋ ಮಾದರಿಯನ್ನು ಮಾರುಕಟ್ಟೆಗೆ ತಂದಿತು. 1976ರಲ್ಲಿ ಜಪಾನಿನ ತಮಿಯಾ ಕಂಪನಿ ಪೋರ್ಷೆ 934 ಕಾರಿನ, ನಿಜಗಾತ್ರದ ಹನ್ನೆರಡನೇ ಒಂದು ಭಾಗದಷ್ಟಿದ್ದ ಮಾದರಿಯನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಿತು. ಕೊಂಡವರು ಕೈಯಾರೆ ಜೋಡಿಸಬೇಕಿತ್ತು. ಅಂಗಡಿಯ ಸಿದ್ಧ ಆಟಿಕೆಗೂ ಹವ್ಯಾಸಿಗಳ ಕಾರಿಗೂ ಇರುವ ವ್ಯತ್ಯಾಸ ಇದೇ. ಸಿದ್ಧ ಆಟಿಕೆ ಕೆಟ್ಟರೆ ಗುಜರಿಗೆ ಹೋಗುತ್ತದೆ. ಕೈಯಾರೆ ಜೋಡಿಸಿದ್ದು ಕೆಟ್ಟರೆ ಮತ್ತೆ ಮೇಜಿಗೆ ಬರುತ್ತದೆ.

ಒಳಗಿನ ವ್ಯವಸ್ಥೆ ಕಷ್ಟದ್ದೇನೂ ಅಲ್ಲ. ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಅಪ್ಪಣೆ ಕಳಿಸುತ್ತದೆ, ಕಾರಿನೊಳಗಿನ ರಿಸೀವರ್ ಅದನ್ನು ಕೇಳಿಸಿಕೊಳ್ಳುತ್ತದೆ. ಸರ್ವೋ ಎಂಬ ಪುಟ್ಟ ಮೋಟರ್ ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಸ್ಪೀಡ್ ಕಂಟ್ರೋಲರ್ ಬ್ಯಾಟರಿಯಿಂದ ದೊಡ್ಡ ಮೋಟರಿಗೆ ಎಷ್ಟು ವಿದ್ಯುತ್ ಹೋಗಬೇಕೆಂಬುದನ್ನು ನಿರ್ಧರಿಸುತ್ತದೆ. ತಿರುವಿನಲ್ಲಿ ಒಳಗಿನ ಗಾಲಿ ನಿಧಾನವಾಗಿಯೂ ಹೊರಗಿನ ಗಾಲಿ ವೇಗವಾಗಿಯೂ ಸುತ್ತುವಂತೆ ಡಿಫರೆನ್ಷಿಯಲ್ ನೋಡಿಕೊಳ್ಳುತ್ತದೆ. ಟ್ರ್ಯಾಕ್ಟರು, ಲಾರಿಗಳಲ್ಲಿ ಇರುವ ತತ್ತ್ವವೇ ಅಂಗೈಯಗಲದ ಈ ಯಂತ್ರದಲ್ಲಿಯೂ ಇದೆ.

ಬಿಲ್ಲಿನ ಕಥೆ

ಆಟದ ವಿಷಯದಲ್ಲಿ ನಮ್ಮ ಧರ್ಮಸಭೆಯ ಹಿರಿಯರು ಏನು ಹೇಳಿದ್ದಾರೆ? ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡರು. ಅಲ್ಲಿ ಅವರು ಪ್ರೇಷಿತ ಸಂತ ಯೊವಾನ್ನರ ಬಗ್ಗೆ ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರಿಗೆ ಬೇಸರವಾಯಿತಂತೆ. ಅವರಲ್ಲಿ ಒಬ್ಬನ ಕೈಯಲ್ಲಿ ಬಿಲ್ಲಿತ್ತು. ಯೊವಾನ್ನರು ಅವನಿಂದ ಬಾಣ ಬಿಡಿಸಿದರು. ಮತ್ತೆ ಮತ್ತೆ ಬಿಡಿಸಿದ ಮೇಲೆ, ಹೀಗೆಯೇ ಎಡೆಬಿಡದೆ ಮಾಡಲು ಆಗುತ್ತದೆಯೇ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದು ಅವನು ಉತ್ತರಿಸಿದ. ಮನುಷ್ಯನ ಮನಸ್ಸೂ ಹಾಗೆಯೇ, ಸದಾ ಬಿಗಿದಿಟ್ಟರೆ ಮುರಿಯುತ್ತದೆ ಎಂಬುದು ಯೊವಾನ್ನರ ಪಾಠ.

ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹಿತಮಿತವಾಗಿ ಆಡಲು ಬಲ್ಲವನಲ್ಲಿ ಒಂದು ಸದ್ಗುಣವಿದೆ ಎನ್ನುತ್ತಾರೆ. ತಾನೂ ನಗದೆ, ನಗುವವರನ್ನೂ ತಡೆಯುತ್ತ, ಇತರರಿಗೆ ಭಾರವಾಗಿ ಬದುಕುವುದು ದೋಷ ಎಂದೂ ಹೇಳುತ್ತಾರೆ. ಸದಾ ಗಂಟುಮುಖ ಹಾಕಿಕೊಂಡಿರುವುದೇ ಭಕ್ತಿಯೆಂದು ತಿಳಿದವರು ಈ ಮಾತನ್ನು ಗಮನಿಸಬೇಕು.

ಆದರೂ ಬಿಲ್ಲಿನ ಕಥೆಯಿಂದ ನಮ್ಮ ಪ್ರಶ್ನೆ ಪೂರ್ತಿ ತೀರುವುದಿಲ್ಲ. ಬಿಲ್ಲನ್ನು ಸಡಿಲಿಸುವುದು ನಾಳೆ ಮತ್ತೆ ಬಾಣ ಬಿಡುವುದಕ್ಕೆ. ಹಾಗಾದರೆ ಆಟವೂ ನಾಳೆಯ ದುಡಿಮೆಗಾಗಿಯೇ ಇರುವುದೇ? ದುಡಿಮೆಯೇ ಮುಗಿದುಹೋದವನ ಗತಿಯೇನು?

ಈ ಪ್ರಶ್ನೆ ಹರಿಹರದಲ್ಲಿ ಬರಿಯ ತರ್ಕವಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲು ಮುಚ್ಚಿತು. ದಾವಣಗೆರೆಯ ಗಿರಣಿಗಳ ಗತವೈಭವವೂ ಹೋಗಿತ್ತು. ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ಗುರುತಿಸಬಲ್ಲ ಟರ್ನರು, ಫಿಟ್ಟರುಗಳ ಕೈಗಳು ಒಮ್ಮೆಲೇ ಬೇಡವಾದವು. ಸಂಬಳ ನಿಂತದ್ದು ಒಂದು ನೋವು. ‘ನಾನೀಗ ಯಾತಕ್ಕೂ ಬೇಡ’ ಎಂಬ ಭಾವನೆ ಅದಕ್ಕಿಂತ ಆಳವಾದ ನೋವು. ಗಳಿಕೆಯೇ ಮನುಷ್ಯನ ಬೆಲೆಯೆಂದು ನಂಬಿದ ಮನೆಯಲ್ಲಿ, ಗಳಿಕೆ ನಿಂತ ದಿನ ಅಜ್ಜನು ಮೂಲೆಯ ಕುರ್ಚಿಯಾಗಿಬಿಡುತ್ತಾನೆ.

ದೇವರ ವಿಶ್ರಾಂತಿಯನ್ನು ಇಲ್ಲಿ ನೆನೆಯಬೇಕು. ಏಳನೆಯ ದಿನ ಸೃಷ್ಟಿಕರ್ತರು ವಿಶ್ರಮಿಸಿದರೆಂದು ಆದಿಕಾಂಡ ಹೇಳುತ್ತದೆ. ಅವರು ದಣಿದಿದ್ದರೇ? ಸೋಮವಾರದ ಪಾಳಿಗೆ ಶಕ್ತಿ ಕೂಡಿಸಿಕೊಳ್ಳಬೇಕಿತ್ತೇ? ಇಲ್ಲ. ಮಾಡಿದ್ದೆಲ್ಲವೂ ಚೆನ್ನಾಗಿದೆಯೆಂದು ಕಂಡು ಸಂತೋಷಪಟ್ಟರು, ಅಷ್ಟೇ. ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ದೈವಜ್ಞಾನವು ಸೃಷ್ಟಿಯ ಸಮಯದಲ್ಲಿ ದೇವರ ಸನ್ನಿಧಿಯಲ್ಲಿ ಆನಂದಿಸುತ್ತಿತ್ತು ಎಂಬ ವರ್ಣನೆಯಿದೆ. ಹಳೆಯ ಲತೀನ್ ಬೈಬಲಿನಲ್ಲಿ ಅಲ್ಲಿರುವುದು ‘ಆಡುತ್ತ’ ಎಂಬ ಪದವೇ. ಈ ಲೋಕವನ್ನು ಸೃಷ್ಟಿಸಿ ದೇವರಿಗೆ ಆಗಬೇಕಾದ ಲಾಭವೇನೂ ಇರಲಿಲ್ಲ. ಪ್ರೀತಿಯಿಂದ ಸೃಷ್ಟಿಸಿದರು. ಅವರ ಪ್ರತಿರೂಪವಾದ ಮನುಷ್ಯನೂ ಲಾಭವಿಲ್ಲದೆ, ಕೇವಲ ಸಂತೋಷಕ್ಕಾಗಿ ಒಂದು ವಸ್ತುವನ್ನು ಚೆನ್ನಾಗಿ ಮಾಡಿದಾಗ, ತನ್ನ ಮೂಲವನ್ನು ಸ್ವಲ್ಪವಾದರೂ ಹೋಲುತ್ತಾನೆ ಎನ್ನಬಹುದಲ್ಲವೇ?

ಪ್ರವಾದಿ ಜೆಕರ್ಯರು ಮರಳಿ ನೆಲೆಗೊಂಡ ಜೆರುಸಲೇಮನ್ನು ವರ್ಣಿಸುವಾಗ ಮುದಿತನದಿಂದ ಊರುಗೋಲು ಹಿಡಿದ ಮುದುಕ ಮುದುಕಿಯರು ಚೌಕಗಳಲ್ಲಿ ಕುಳಿತಿರುವುದನ್ನೂ, ಬೀದಿಗಳ ತುಂಬ ಹುಡುಗ ಹುಡುಗಿಯರು ಆಡುತ್ತಿರುವುದನ್ನೂ ಒಟ್ಟಿಗೆ ತೋರಿಸುತ್ತಾರೆ. ದೇವರು ನೆಲೆಸಿದ ಊರಿನ ಗುರುತು ಇದು. ಕೆಲಸದಿಂದ ನಿವೃತ್ತನಾದ ಅಜ್ಜ ಮೊಮ್ಮಗನ ಪಕ್ಕ ಕುಳಿತು, “ಬಿಗಿ ಮಾಡಬೇಡ ಮರಿ, ಇದು ಪ್ಲಾಸ್ಟಿಕ್ಕು, ಮರೆ ಸವೆದು ಹೋಗುತ್ತೆ” ಎಂದು ಹೇಳಿಕೊಡುವಾಗ ಆ ಊರಿನ ಒಂದು ಮೂಲೆ ನಮ್ಮ ಮನೆಗೂ ಬರುತ್ತದೆ. ಅವನ ಕೈಗೆ ಕೂಲಿ ಕೊಡುವವರಿಲ್ಲದಿರಬಹುದು. ಆದರೆ ಅವನ ಕೈ ಬಲ್ಲದ್ದನ್ನು ಕಲಿಯುವವನೊಬ್ಬ ಸಿಕ್ಕಿದ.

ಜೋಡಿಸುವಾಗ ಕಲಿಯುವುದು

ಮೊದಲ ಕಾರನ್ನು ಜೋಡಿಸುವವರು ಕೆಲವು ಪಾಠಗಳನ್ನು ತಪ್ಪದೆ ಕಲಿಯುತ್ತಾರೆ. ಮೋಟರಿನ ಸಣ್ಣ ಹಲ್ಲುಚಕ್ರವನ್ನು ದೊಡ್ಡ ಹಲ್ಲುಚಕ್ರಕ್ಕೆ ಕೂಡಿಸುವಾಗ ನಡುವೆ ಒಂದು ಕಾಗದದ ಚೂರನ್ನಿಟ್ಟು ಒತ್ತಿ, ಸ್ಕ್ರೂ ಬಿಗಿದು, ಆಮೇಲೆ ಕಾಗದವನ್ನು ಹೊರಕ್ಕೆ ಎಳೆಯುತ್ತಾರೆ. ಆ ಕಾಗದದಷ್ಟೇ ಅಂತರ ಉಳಿಯಬೇಕು. ತೀರಾ ಹತ್ತಿರವಾದರೆ ಉಜ್ಜಾಡಿ ಬಿಸಿಯಾಗುತ್ತವೆ, ದೂರವಾದರೆ ಹಲ್ಲುಗಳು ಜಾರಿ ಸವೆಯುತ್ತವೆ. ಒಂದೇ ಸೂರಿನಡಿ ಬಾಳುವ ಅತ್ತೆ ಸೊಸೆಯರಿಗೂ ಅಣ್ಣ ತಮ್ಮಂದಿರಿಗೂ ಇದಕ್ಕಿಂತ ಒಳ್ಳೆಯ ಉಪಮೆ ಬೇಕಿಲ್ಲ!

ವಸ್ತುವಿನ ಮುಂದೆ ನೆಪ ನಡೆಯುವುದಿಲ್ಲ ಎಂಬುದು ಇನ್ನೊಂದು ಪಾಠ. ಒಂದು ಬೇರಿಂಗ್ ಬಿಟ್ಟುಹೋಗಿದ್ದರೆ ಗಾಲಿ ಓಲಾಡುತ್ತದೆ. ಎಷ್ಟು ಬೈದರೂ, ಎಷ್ಟು ಹೊಗಳಿದರೂ ಅದು ಸರಿಯಾಗದು. ಬಿಚ್ಚಬೇಕು, ನೋಡಬೇಕು, ಮತ್ತೆ ಜೋಡಿಸಬೇಕು. ತಂದೆ ಮಕ್ಕಳಿಬ್ಬರೂ ಒಂದೇ ಕೈಪಿಡಿಯ ಚಿತ್ರವನ್ನು ನೋಡುವಾಗ ತಂದೆಯ ದೊಡ್ಡಸ್ತಿಕೆ ಅಲ್ಲಿ ಸಾಗುವುದಿಲ್ಲ. ಎಷ್ಟೋ ಸಲ ಮಗನ ಕಣ್ಣೇ ಚುರುಕು. “ಅಪ್ಪಾ, ಅದು ತಲೆಕೆಳಗಾಗಿದೆ” ಎಂದು ಅವನು ಹೇಳಿದಾಗ ಒಪ್ಪಿಕೊಳ್ಳುವ ತಂದೆ, ನೂರು ಉಪದೇಶಗಳಿಂದ ಆಗದಷ್ಟು ಸತ್ಯನಿಷ್ಠೆಯನ್ನು ಕಲಿಸುತ್ತಾನೆ.

ಓಡಿಸುವಾಗಲೂ ಒಂದು ಕ್ರಮವಿದೆ. ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನು ಚಾಲೂ ಮಾಡಬೇಕು, ಆಮೇಲೆ ಕಾರನ್ನು. ಮುಗಿಸುವಾಗ ಮೊದಲು ಕಾರನ್ನು ನಿಲ್ಲಿಸಬೇಕು, ಕೊನೆಗೆ ಟ್ರಾನ್ಸ್‌ಮಿಟರನ್ನು. ಇಲ್ಲದಿದ್ದರೆ ಅಪ್ಪಣೆ ಕೊಡುವವರಿಲ್ಲದ ಕಾರು ತನ್ನಷ್ಟಕ್ಕೆ ನುಗ್ಗುವ ಅಪಾಯವಿದೆ. ನಡೆಸುವವನು ಎಲ್ಲರಿಗಿಂತ ಮೊದಲು ಎಚ್ಚರವಾಗಿ, ಎಲ್ಲರಿಗಿಂತ ಕೊನೆಗೆ ಮಲಗಬೇಕು. ನಮ್ಮ ತಾಯಂದಿರು ಇದನ್ನು ಯಾವ ಕೈಪಿಡಿಯೂ ಇಲ್ಲದೆ ಬಲ್ಲರು.

ಎಲ್ಲಕ್ಕಿಂತ ಮುಖ್ಯವಾದ ಪಾಠ ಮೈದಾನದಲ್ಲಿ ಸಿಗುತ್ತದೆ. ಕಾರು ನಮ್ಮಿಂದ ದೂರ ಹೋಗುತ್ತಿರುವಾಗ ನಮ್ಮ ಬಲವೇ ಅದರ ಬಲ. ಅದು ತಿರುಗಿ ನಮ್ಮತ್ತ ಬರತೊಡಗಿದ ಕೂಡಲೇ ಎಲ್ಲವೂ ಅದಲುಬದಲು. ನಾವು ನಮ್ಮ ಬಲಕ್ಕೆಂದು ತಿರುಗಿಸಿದರೆ ಅದು ಎಡಕ್ಕೆ ಹೋಗಿ ಕಲ್ಲಿಗೆ ಬಡಿಯುತ್ತದೆ. ಹೊಸಬರೆಲ್ಲರೂ ಮೊದಲ ದಿನ ಮುಗ್ಗರಿಸುವುದು ಇಲ್ಲಿಯೇ. ಇದಕ್ಕೆ ಉಪಾಯ ಒಂದೇ: ನಾವು ನಿಂತ ಜಾಗವನ್ನು ಮರೆತು, ಮನಸ್ಸಿನಲ್ಲಿ ಆ ಪುಟ್ಟ ಕಾರಿನ ಚಾಲಕನ ಸೀಟಿನಲ್ಲಿ ಕುಳಿತು ನೋಡುವುದು. ಎದುರಿಗೆ ಬರುವವನ ಬಲ ನನಗೆ ಎಡವಾಗಿ ಕಾಣುತ್ತದೆ ಎಂಬ ಈ ಸಣ್ಣ ಸತ್ಯವನ್ನು ಅರಿಯದೆ ಎಷ್ಟು ಸಂಸಾರಗಳಲ್ಲಿ ಜಗಳವಾಗಿಲ್ಲ!

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕಾರು ನಮ್ಮ ಬೆರಳಿನ ಅಪ್ಪಣೆಯಂತೆ ನಡೆಯುತ್ತದೆ, ಮಕ್ಕಳು ಹಾಗಲ್ಲ, ಹಾಗಾಗಲೂಬಾರದು. ಇಂದು ದಾವಣಗೆರೆಯಿಂದ ಬೆಂಗಳೂರಿಗೆ ಹೋದ ಮಗಳನ್ನು ಗಂಟೆಗೊಮ್ಮೆ ಫೋನ್ ಮಾಡಿ ನಡೆಸಲು ನೋಡುವ ಪೋಷಕರಿದ್ದಾರೆ. ದೇವರು ನಮಗೆ ಸ್ವಾತಂತ್ರ್ಯ ಕೊಟ್ಟು, ನಾವು ದಾರಿ ತಪ್ಪಬಹುದೆಂದು ಗೊತ್ತಿದ್ದೂ ಅದನ್ನು ಹಿಂದಕ್ಕೆ ಪಡೆಯಲಿಲ್ಲ. ಯಂತ್ರಕ್ಕೆ ಅಪ್ಪಣೆ ಸಾಕು, ಮಗುವಿಗೆ ನಂಬಿಕೆ ಬೇಕು.

ಮೂರು ಅಳತೆಗಳು

ಹಾಗೆಂದು ಆಟವೆಲ್ಲವೂ ಒಳ್ಳೆಯದೆಂದು ಹೇಳುತ್ತಿಲ್ಲ. ಅಕ್ವಿನಾಸರು ಆಟಕ್ಕೆ ಮೂರು ಎಚ್ಚರಿಕೆಗಳನ್ನು ಕೊಟ್ಟಿದ್ದಾರೆ. ಅದು ಅಸಭ್ಯವಾಗಿರಬಾರದು, ಹಾನಿ ಮಾಡಬಾರದು. ಅದರಲ್ಲಿ ಮನಸ್ಸಿನ ಸಮತೋಲ ಪೂರ್ತಿ ತಪ್ಪಬಾರದು. ವ್ಯಕ್ತಿಗೂ ಕಾಲಕ್ಕೂ ಸ್ಥಳಕ್ಕೂ ಅದು ತಕ್ಕುದಾಗಿರಬೇಕು. ಈ ಮೂರನ್ನೂ ನಮ್ಮ ಕಾರಿಗೆ ಹಿಡಿದು ನೋಡೋಣ.

ಮೊದಲನೆಯದು ಹಾನಿ. ಒಂದೂವರೆ ಕಿಲೋ ತೂಕದ ಕಾರು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದು ಒಂದು ಮಗುವಿನ ಅಥವಾ ಮುದುಕಿಯ ಕಾಲಿಗೆ ಬಡಿದರೆ ಅದು ಆಟವಾಗಿ ಉಳಿಯುವುದಿಲ್ಲ. ಆದುದರಿಂದ ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯಾಗಲಿ, ಸೆಪ್ಟೆಂಬರ್ 8ರ ಹಬ್ಬಕ್ಕೆ ಭಕ್ತರು ತುಂಬಿರುವ ಹರಿಹರದ ಆರೋಗ್ಯ ಮಾತೆಯ ದೇವಾಲಯದ ಆವರಣವಾಗಲಿ ಇದಕ್ಕೆ ಜಾಗವಲ್ಲ. ಅನುಮತಿ ಪಡೆದ ಖಾಲಿ ಮೈದಾನವೇ ಸರಿ. ಹೊಳೆಯ ಮರಳೂ ಬೇಡ, ಮರಳಿನ ಕಣಗಳು ಹಲ್ಲುಚಕ್ರಗಳನ್ನು ತಿಂದುಹಾಕುತ್ತವೆ. ಲಿಥಿಯಂ ಪಾಲಿಮರ್ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿ ಮಲಗಬಾರದು, ಉಬ್ಬಿದ ಬ್ಯಾಟರಿಯನ್ನು ಬಳಸಬಾರದು. ಅವು ಬೆಂಕಿ ಹಿಡಿಯಬಲ್ಲವು. ಹೊಸಬರಿಗೆ 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಹೆಚ್ಚು ಕ್ಷೇಮಕರ. ಹಿಂದೆ 27 ಮೆಗಾಹರ್ಟ್ಸ್ ರೇಡಿಯೋಗಳಿದ್ದಾಗ ಒಂದೇ ಚಾನೆಲ್ಲಿನಲ್ಲಿ ಇಬ್ಬರು ಸೇರಿದರೆ ಒಬ್ಬನ ಅಪ್ಪಣೆಗೆ ಇನ್ನೊಬ್ಬನ ಕಾರು ಕೆಡುತ್ತಿತ್ತು. ಆದ್ದರಿಂದ ಚಾಲೂ ಮಾಡುವ ಮುನ್ನ ಪಕ್ಕದವನನ್ನು ಕೇಳುವ ಪದ್ಧತಿಯಿತ್ತು. ಇಂದಿನ 2.4 ಗಿಗಾಹರ್ಟ್ಸ್ ರೇಡಿಯೋಗಳಲ್ಲಿ ಆ ತೊಂದರೆ ಬಹುಮಟ್ಟಿಗೆ ತಪ್ಪಿದೆ. ಪಕ್ಕದವನನ್ನು ಕೇಳುವ ಒಳ್ಳೆಯ ಅಭ್ಯಾಸ ಮಾತ್ರ ತಪ್ಪದಿರಲಿ.

ಎರಡನೆಯದು ಸಮತೋಲ. ‘ಅತಿಯಾದರೆ ಅಮೃತವೂ ವಿಷ’. ಈ ವಿಷಯದಲ್ಲಿ ಕಾರಿನಲ್ಲಿ ಒಂದು ಅನುಕೂಲವಿದೆ. ಸಾಧಾರಣ ಬ್ಯಾಟರಿ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೆ ಬರಿದಾಗುತ್ತದೆ. ಮತ್ತೆ ಚಾರ್ಜ್ ಆಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮೋಟರೂ ಆರಬೇಕು. ಮೊಬೈಲಿನ ಆಟಕ್ಕೆ ಸಂಜೆಯೆಂಬುದಿಲ್ಲ, ಅದು ತಾನಾಗಿ ‘ಸಾಕು’ ಎನ್ನುವುದಿಲ್ಲ. ಈ ಕಾರು ಮಾತ್ರ ತಾನೇ ನಿಂತು ನಮ್ಮನ್ನು ಮನೆಗೆ ಕಳಿಸುತ್ತದೆ. ಆದರೆ ಇನ್ನೂ ವೇಗದ ಮೋಟರು, ಇನ್ನೂ ದುಬಾರಿ ಗಾಲಿ ಎಂಬ ಆಸೆ ಹತ್ತಿದರೆ ಆಗ ನಾವು ಕಾರನ್ನು ಓಡಿಸುವುದಿಲ್ಲ, ಕಾರೇ ನಮ್ಮನ್ನು ಓಡಿಸುತ್ತದೆ.

ಮೂರನೆಯದು ತಕ್ಕುದೇ ಎಂಬುದು. ಅಡುಗೆಮನೆಯಿಂದ ಬಂದ ಪ್ರಶ್ನೆಗೆ ಉತ್ತರ ಕೊಡಬೇಕಾದ ಜಾಗ ಇದು. ಹವ್ಯಾಸಿಗಳ ಒಳ್ಳೆಯ ಕಿಟ್ಟಿನ ಬೆಲೆ ಹತ್ತು ಸಾವಿರ ರೂಪಾಯಿಯನ್ನು ಸುಲಭವಾಗಿ ದಾಟುತ್ತದೆ. ಮಗಳ ಶಾಲೆಯ ಫೀಸು ಬಾಕಿಯಿರುವಾಗ, ಕಿರಾಣಿ ಅಂಗಡಿಯ ಲೆಕ್ಕ ತೀರದಿರುವಾಗ ಆ ಹಣವನ್ನು ಇದಕ್ಕೆ ಹಾಕುವುದು ಅನ್ಯಾಯ. ಅಂಥ ಹೊತ್ತಿನಲ್ಲಿ ಹೆಂಡತಿ ಕೇಳುವ ಪ್ರಶ್ನೆಯೇ ಮನೆಯ ಮನಸ್ಸಾಕ್ಷಿ. ಆದರೆ ಹಣವಿಲ್ಲದವನಿಗೆ ಆಟವೇ ಇಲ್ಲವೆಂದು ಅರ್ಥವಲ್ಲ. ತಂತಿ ಬಗ್ಗಿಸಿ, ಹಳೆಯ ಹವಾಯಿ ಚಪ್ಪಲಿಯಿಂದ ಗಾಲಿ ಕತ್ತರಿಸಿ ಗಾಡಿ ಮಾಡಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಮೈ ಒಡೆದ ಅಗ್ಗದ ಆಟಿಕೆಯ ಮೋಟರು, ರಿಮೋಟ್ ಎರಡೂ ಅನೇಕ ಸಲ ಚೆನ್ನಾಗಿಯೇ ಇರುತ್ತವೆ. ಅವನ್ನು ತೆಗೆದು ಒಂದು ಪ್ಲೈವುಡ್ ಹಲಗೆಯ ಮೇಲೆ ಕೂರಿಸಿದರೆ ಹೊಸ ಕಾರು ಸಿದ್ಧ. ನೋಡಲು ಚೆಂದವಿರಲಾರದು. ಆದರೆ ಅದು ಹೇಗೆ ಓಡುತ್ತದೆಂಬುದು ಮಾಡಿದ ಮಗುವಿಗೆ ಗೊತ್ತಿರುತ್ತದೆ.

ಈ ಮೂರಕ್ಕೂ ಸೇರಿ ನಾಲ್ಕನೆಯ ಪರೀಕ್ಷೆಯೊಂದನ್ನು ನಾವೇ ಇಟ್ಟುಕೊಳ್ಳಬಹುದು. ನನ್ನ ಆಟವನ್ನು ನಾನು ಇನ್ನೊಬ್ಬರ ಕೈಗೆ ಕೊಡಬಲ್ಲೆನೇ? ಮೈದಾನದ ಅಂಚಿನಲ್ಲಿ ನೆರೆಮನೆಯ ಹುಡುಗ ಬಂದು ನಿಲ್ಲುತ್ತಾನೆ. ಅವನ ಮನೆಯಲ್ಲಿ ಇಂಥದ್ದಿಲ್ಲ, ಬರುವ ಸಾಧ್ಯತೆಯೂ ಇಲ್ಲ. ಬಾಯಿ ಬಿಟ್ಟು ಕೇಳಲಾರ, ಕಣ್ಣು ಕೇಳುತ್ತದೆ. ವಾರಗಟ್ಟಲೆ ಕುಳಿತು ಜೋಡಿಸಿದ ಕಾರು ಅವನ ಕೈಯಲ್ಲಿ ಕಲ್ಲಿಗೆ ಬಡಿಯಬಹುದು, ಮುಂದಿನ ತೋಳು ಮುರಿಯಬಹುದು. ಮಾರುವ ಸರಕಾಗಿದ್ದರೆ ಕೈಬಿಗಿ ಹಿಡಿಯುವುದು ಜಾಣತನ. ಆದರೆ ಇದರಿಂದ ನಾವು ಮೊದಲಿನಿಂದಲೂ ಲಾಭ ಬಯಸಲಿಲ್ಲ. ಲಾಭ ಬಯಸದೆ ಮಾಡಿದ್ದನ್ನು ನಷ್ಟದ ಭಯವಿಲ್ಲದೆ ಕೊಡಬಹುದು. ಆಟದ ಹಿರಿಮೆ ಇರುವುದು ಇಲ್ಲಿ. ದುಡಿಮೆಯ ಫಲವನ್ನು ಅಳೆದು ತೂಗಿ ಹಂಚುತ್ತೇವೆ, ಆಟದ ಸಂತೋಷವನ್ನು ಹಂಚುವಾಗ ಅದು ಕಡಿಮೆಯಾಗುವುದಿಲ್ಲ.

ಮನೆಗೆ ಏನು ಬಂತೆಂದು ಕೇಳಿದರೆ, ಹಣವಾಗಿ ಏನೂ ಬರಲಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪೋಣ. ಮಗುವಿನ ಜೊತೆ ಕಳೆದ ಸಂಜೆಗಳು ಬಂದವು, ಅಜ್ಜನ ಕೈಗೆ ಮತ್ತೆ ಗೌರವ ಬಂತು, ಎದುರಿನವನ ಬಲ ಯಾವುದೆಂದು ನೋಡುವ ಕಣ್ಣು ಬಂತು. ಇವು ಯಾವುವೂ ಬಾರದೆ ಕಾರೊಂದೇ ಬಂದಿದ್ದರೆ ಆ ಸಮಯ ನಿಜವಾಗಿಯೂ ವ್ಯರ್ಥವಾಯಿತೆಂದೇ ಹೇಳಬೇಕು. ಆದ್ದರಿಂದ, ಕಾರನ್ನು ಮೈದಾನಕ್ಕೆ ಒಯ್ಯುವ ದಿನ ಒಂದು ಬ್ಯಾಟರಿಯಷ್ಟು ಹೊತ್ತನ್ನಾದರೂ ಆ ನೆರೆಮನೆಯ ಹುಡುಗನಿಗೆಂದು ತೆಗೆದಿಡಿ. ಟ್ರಾನ್ಸ್‌ಮಿಟರನ್ನು ಅವನ ಕೈಗೆ ಕೊಟ್ಟು, ಕಾರು ತನ್ನತ್ತ ಬರುವಾಗ ಯಾವ ಕಡೆಗೆ ತಿರುಗಿಸಬೇಕೆಂದು ತಾಳ್ಮೆಯಿಂದ ಹೇಳಿಕೊಡಿ.